ಮುಂಗಡ ಪಾಪ

ತನ್ನ ಪಾಪಕ್ಕೆ ಇವತ್ತು ಕ್ಷಮೆ ಬರುತ್ತದೆ ಎಂಬುದು ಅವನಿಗೆ ನಲವತ್ತು ವರ್ಷದಿಂದ ಗೊತ್ತಿತ್ತು. ಆದರೂ ಬೆಳಿಗ್ಗೆ ಕನ್ನಡಿಯ ಮುಂದೆ ಶರಟು ಹಾಕಿಕೊಳ್ಳುವಾಗ ಮೂರನೆಯ ಗುಂಡಿ ನಾಲ್ಕನೆಯ ಕಾಜಕ್ಕೆ ಹೋಗಿ ಒಂದು ಭುಜ ಮೇಲೆ, ಒಂದು ಭುಜ ಕೆಳಗೆ ಆಯಿತು. ಹೆಂಡತಿ ಬಂದು ಅವನನ್ನು ತನ್ನ ಕಡೆ ತಿರುಗಿಸಿಕೊಂಡು, ಎಲ್ಲ ಗುಂಡಿ ಬಿಚ್ಚಿ, ಮತ್ತೆ ಮೊದಲಿನಿಂದ ಹಾಕಿದಳು. “ಇಷ್ಟು ಗಾಬರಿ ಯಾಕ್ರೀ? ನೀವೇನು ಕೊಲೆ ಮಾಡಿದ್ದೀರಾ? ಸಣ್ಣಪುಟ್ಟ ಸುಳ್ಳು ತಾನೆ ನಿಮ್ದು,” ಎಂದಳು. ಅವನಿಗಿಂತ ಒಂದು ವರ್ಷ ದೊಡ್ಡವಳಾದ್ದರಿಂದ ಅವಳ ಕ್ಷಮೆ ಹೋದ ವರ್ಷವೇ ಬಂದಿತ್ತು. ಅವಳ ಅಪ್ಪ ಅವಳಿಗೆ ಹತ್ತು ವರ್ಷವಾದಾಗ ಬರೆಸಿದ್ದು ‘ನೆರೆಹೊರೆಯವರ ಮೇಲೆ ಹೊಟ್ಟೆಕಿಚ್ಚು’. ಕ್ಷಮೆ ಕೈಗೆ ಬಂದ ದಿನದಿಂದ ಅವಳು ಮೇಲಿನ ಮನೆಯವರ ಹೊಸ ಪರದೆಯನ್ನೂ ಎದುರುಮನೆಯ ಹುಡುಗಿಯ ಹಾಡನ್ನೂ ಅಧಿಕೃತವಾಗಿ, ಮುಚ್ಚುಮರೆಯಿಲ್ಲದೆ, ಮನಸ್ಸು ತುಂಬಿ ಸಹಿಸದೆ ಇದ್ದಳು. ಮುಖದಲ್ಲಿ ಒಂದು ಕಳೆ ಕೂಡ ಬಂದಿತ್ತು. ಸಂಜೆ ನೆಂಟರೆಲ್ಲ ಅಭಿನಂದಿಸಲು ಬರುತ್ತಾರೆ, ಬೇಗ ಬನ್ನಿ, ನಾಲ್ಕು ಮಾತಾಡಿ, ಗೂಬೆಯ ಹಾಗೆ ಕೂರಬೇಡಿ ಎಂದಳು. ಅವನು ಹೂಂ ಎಂದ. ಸಣ್ಣಪುಟ್ಟ ಸುಳ್ಳು. ಯಾವುದು ಸಣ್ಣದು, ಯಾವುದು ಪುಟ್ಟದು ಎಂದು ಮೆಟ್ಟಿಲಿಳಿಯುತ್ತ ಯೋಚಿಸಿದ. ‘ನಾಳೆ ಬರ್ತೀನಮ್ಮ’ ಎಂದು ಅಮ್ಮನಿಗೆ ಹೇಳಿದ್ದು ಸಣ್ಣದೇ. ಅದನ್ನು ಅವನು ಸುಮಾರು ಮುನ್ನೂರು ಸಲವಾದರೂ ಹೇಳಿದ್ದಾನೆ. ಮುನ್ನೂರು ಸಣ್ಣವನ್ನು ಕೂಡಿಸಿದರೆ ಎಷ್ಟಾಗುತ್ತದೆ ಎಂಬ ಬಗ್ಗೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲ.

ದೇವರು ಇರುವುದು ಪೀಠದಲ್ಲಿ. ಪೀಠ ಇರುವುದು ಈ ಊರಿನಿಂದ ಇಪ್ಪತ್ತು ಜ್ಯೋತಿರ್ವರ್ಷ ಆಚೆ. ಮನುಷ್ಯರು ನಲವತ್ತಾರು ಲೋಕಗಳಿಗೆ ಹರಡಿಕೊಂಡರು, ಅಲ್ಲೆಲ್ಲ ಮನೆ ಕಟ್ಟಿದರು, ಟ್ರಾಮು ಓಡಿಸಿದರು, ಜಗಳವಾಡಿದರು. ಆದರೆ ಕ್ಷಮಿಸುವ ಅಧಿಕಾರ ಮಾತ್ರ ಒಂದೇ ಕಡೆ ಉಳಿಯಿತು. ಬೇರೆ ಯಾವ ಅಧಿಕಾರವನ್ನಾದರೂ ಹಂಚಬಹುದು, ಇದನ್ನು ಹಂಚಿದರೆ ಸವೆಯುತ್ತದೆ ಎಂದು ಶಾಸ್ತ್ರ. ಇಲ್ಲಿಂದ ತಪ್ಪೊಪ್ಪಿಗೆ ಬೆಳಕಿನ ವೇಗದಲ್ಲಿ ಹೊರಟರೆ ತಲುಪಲು ಇಪ್ಪತ್ತು ವರ್ಷ, ಕ್ಷಮೆ ವಾಪಸ್ಸು ಬರಲು ಇಪ್ಪತ್ತು ವರ್ಷ. ಮೊದಮೊದಲು ಬಂದ ತಲೆಮಾರಿನವರು ಮೂವತ್ತಕ್ಕೆ ತಪ್ಪು ಮಾಡಿ, ಐವತ್ತಕ್ಕೆ ಪಶ್ಚಾತ್ತಾಪಪಟ್ಟು, ಉತ್ತರ ಬರುವ ಮೊದಲೇ ಸತ್ತು ಹೋಗುತ್ತಿದ್ದರಂತೆ. ಆಮೇಲೆ ಯಾರೋ ಒಬ್ಬ ಮಹಾತ್ಮನಿಗೆ ಹೊಳೆಯಿತು: ಮಾಡಿದ ಮೇಲೆ ಒಪ್ಪಿಕೊಳ್ಳುವ ಬದಲು, ಮಾಡುವ ಮೊದಲೇ ಒಪ್ಪಿಕೊಂಡರೆ? ಅಂದಿನಿಂದ ಹತ್ತು ವರ್ಷವಾದ ಪ್ರತಿ ಮಗುವನ್ನೂ ಕ್ಷಮಾ ಕಚೇರಿಗೆ ಕರೆತಂದು, ಮುಂದೆ ಅದು ಮಾಡಲಿರುವ ಒಂದು ಪಾಪವನ್ನು ಬರೆಸಿ ಕಳಿಸುವ ಪದ್ಧತಿ ಬಂತು. ಐವತ್ತರ ಹೊತ್ತಿಗೆ ಕ್ಷಮೆ ಸಿದ್ಧ. ಎರಡೇ ಜ್ಯೋತಿರ್ವರ್ಷ ದೂರದ ಲೋಕದವರಿಗೆ ನಾಲ್ಕು ವರ್ಷಕ್ಕೇ ಕ್ಷಮೆ ಸಿಗುತ್ತದೆ, ಆದ್ದರಿಂದ ಅವರನ್ನು ಯಾರೂ ನಂಬುವುದಿಲ್ಲ. ನೂರೈವತ್ತು ಜ್ಯೋತಿರ್ವರ್ಷ ದೂರದವರು ಮುತ್ತಜ್ಜನ ಮುತ್ತಜ್ಜ ಬರೆಸಿಟ್ಟ ಪಾಪವನ್ನು ಚಾಚೂ ತಪ್ಪದೆ ಮಾಡುತ್ತಾರಂತೆ. ಅಲ್ಲಿ ಒಳ್ಳೆಯ ಮನೆತನ ಎಂದರೆ ಕಲ್ಪನೆ ಕಡಿಮೆ ಇದ್ದ ಮುತ್ತಜ್ಜಂದಿರ ಮನೆತನ.

ದೇವರು ದಯಾಮಯ. ಇಷ್ಟು ವರ್ಷದಲ್ಲಿ ಒಂದೇ ಒಂದು ಪಾಪಕ್ಕೂ ಆಗುವುದಿಲ್ಲ ಎಂದು ಉತ್ತರ ಬಂದದ್ದಿಲ್ಲ. ಕಳಿಸಿದ್ದಕ್ಕೆಲ್ಲ ತಲುಪಿದ ದಿನವೇ, ಅದೇ ಒಂದು ಮಾತಿನಲ್ಲಿ ಕ್ಷಮೆ. ಅಲ್ಲಿ ಕೂತಿರುವುದು ಯಾವುದೋ ಯಂತ್ರ ಇರಬಹುದು ಎಂದು ಕೆಲವರು ಅನುಮಾನಪಡುತ್ತಾರೆ. ಆ ಅನುಮಾನ ಕೂಡ ಪಟ್ಟಿಯಲ್ಲಿರುವ ಒಂದು ಪಾಪವೇ, ಅದಕ್ಕೂ ಕ್ಷಮೆ ಬರುತ್ತದೆ. ದೇವರು ಹೊಟ್ಟೆಗೆ ಹಾಕಿಕೊಳ್ಳದೇ ಇರುವುದು ಒಂದನ್ನು ಮಾತ್ರ: ಬರೆಸಿದ ಪಾಪವನ್ನು ಮಾಡದೇ ಇರುವುದನ್ನು. ಅದು ದೇವರ ಮುಂದೆ ಸುಳ್ಳು ಹೇಳಿದಂತೆ. ಕ್ಷಮಾಚೀಟಿ ಬಂದ ದಿನ ಸಂಜೆ ಐದರೊಳಗೆ ‘ಮಾಡಿದ್ದೇನೆ’ ಎಂಬ ಕಾಲಮ್ಮಿನಲ್ಲಿ ಸಹಿ ಹಾಕದವನು ಸುಳ್ಳು ಪಾಪಿ. ಅವನ ಹೆಸರು ಕಚೇರಿಯ ಬಾಗಿಲ ಫಲಕದ ಮೇಲೆ ಏರುತ್ತದೆ, ಸಾಯುವವರೆಗೆ ಇಳಿಯುವುದಿಲ್ಲ. ಹೀಗಾಗಿ ಊರಿನಲ್ಲಿ ಐವತ್ತರ ಆಸುಪಾಸಿನ ಸಜ್ಜನರ ಪಾಡು ಹೇಳತೀರದು. ‘ಕಳ್ಳತನ’ ಎಂದು ಬರೆಸಿಕೊಂಡು, ಜೀವಮಾನವಿಡೀ ಒಂದು ಗುಂಡುಸೂಜಿ ಕೂಡ ಕದಿಯದೆ ಉಳಿದವರು ಕೊನೆಯ ದಿನ ಬೆವರುತ್ತ ಕಚೇರಿಗೆ ಬರುತ್ತಾರೆ. ಅಂಥವರಿಗಾಗಿ ಕೌಂಟರಿನ ಮೇಲೆ ದಿನವೂ ಒಂದು ಡಜನ್ ಪೆನ್ನು ಇಟ್ಟಿರುತ್ತದೆ. ಗುಮಾಸ್ತ ಬೇರೆ ಕಡೆ ನೋಡಬೇಕೆಂಬುದು ಸುತ್ತೋಲೆಯಲ್ಲೇ ಇದೆ. ಅವನೇ ಆ ಗುಮಾಸ್ತ. ಇಪ್ಪತ್ತೇಳು ವರ್ಷದಿಂದ ಬೇರೆ ಕಡೆ ನೋಡುವುದು ಅವನಿಗೆ ಚೆನ್ನಾಗಿ ರೂಢಿಯಾಗಿತ್ತು.

ಕಚೇರಿ ತಲುಪಿದಾಗ ಸೀಲಿನವಳು ಎಂದು ಎಲ್ಲರೂ ಕರೆಯುವ ಹೆಂಗಸು ಆಗಲೇ ತನ್ನ ಮೇಜಿನ ಮೇಲೆ ಸೀಲುಗಳನ್ನು ಹರಡಿಕೊಂಡು ಕೂತಿದ್ದಳು. ಅವಳ ಎದುರಿಗೆ ಊರುಗೋಲು ಹಿಡಿದ ಒಬ್ಬ ಮೇಷ್ಟ್ರು, ಕಿವಿಯವರೆಗೂ ಕೆಂಪಾಗಿ, ಅವಳನ್ನೇ ದಿಟ್ಟಿಸಿ ನೋಡುತ್ತಿದ್ದರು. ಅವರದು ‘ಪರಸ್ತ್ರೀ ಮೋಹ’. ಅವರಪ್ಪ ದೊಡ್ಡ ಆಸೆ ಇಟ್ಟುಕೊಂಡಿದ್ದಿರಬೇಕು. “ಇನ್ನೂ ಹತ್ತು ಎಣಿಸೋವರೆಗೆ ನೋಡಿ ಸರ್, ಕಣ್ಣು ತಪ್ಪಿಸಬೇಡಿ, ಆಮೇಲೆ ಲೆಕ್ಕಕ್ಕೆ ಬರಲ್ಲ,” ಎಂದು ಅವಳು ಗಂಟಲು ಮಾತ್ರೆ ಚೀಪುತ್ತ ಹೇಳಿದಳು. ಮೇಷ್ಟ್ರು ಕಣ್ಣಲ್ಲಿ ನೀರು ತುಂಬಿಕೊಂಡು ಹತ್ತು ಎಣಿಸಿ ಮುಗಿಸಿದರು. ಅವಳು ಸೀಲು ಒತ್ತಿದಳು. “ನಿಮ್ದೂ ಬಂದಿದೆ ನೋಡ್ರೀ, ಮೇಲಿನ ಕಟ್ಟಿನಲ್ಲೇ ಇದೆ,” ಎಂದು ಅವನತ್ತ ತಿರುಗಿ, “ಜೊತೆಗೆ ಇನ್ನೊಂದಿದೆ. ಅದೇ ತಂದೆ ಹೆಸರು. ನಿಮಗೆ ಅಕ್ಕ ಇದ್ದಾರೇನ್ರೀ? ಒಂದು ದಿನಾನೂ ಹೇಳಿಲ್ಲ,” ಎಂದಳು.

ಅಕ್ಕ ಇದ್ದಳು. ನಾಲ್ಕೇ ಟ್ರಾಮು ನಿಲ್ದಾಣ ಆಚೆ ಇದ್ದಳು. ಅವರಿಬ್ಬರ ಪಾಪವನ್ನೂ ಅಪ್ಪ ಒಂದೇ ದಿನ ಬರೆಸಿದ್ದು ಅವನಿಗೆ ನೆನಪಿದೆ. ಅಕ್ಕನಿಗೆ ಹತ್ತಾದಾಗ ಜ್ವರದ ನೆಪ ಹೇಳಿ ಮುಂದೂಡಿ, ಇವನಿಗೆ ಹತ್ತಾಗುವವರೆಗೆ ಕಾದು, ಎರಡೆರಡು ಸಲ ಯಾಕೆ ಓಡಾಡಬೇಕು ಎಂದು ಇಬ್ಬರನ್ನೂ ಒಟ್ಟಿಗೆ ಎಳೆದುಕೊಂಡು ಬಂದಿದ್ದರು. ಇದೇ ಕೌಂಟರು, ಆಗ ಇದು ಅವನ ಗದ್ದಕ್ಕೆ ತಾಗುತ್ತಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ‘ಮಾದರಿ ಪಾಪಗಳು’ ಎಂಬ ಪುಸ್ತಕವನ್ನು ತಿರುವಿ ಹಾಕಿ, ಬಟ್ಟೆ ಆರಿಸುವವರ ಹಾಗೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಗ್ಯಾರಂಟಿ ಮಾಡಿಯೇ ತೀರುವಂಥವನ್ನು ಹುಡುಕಿದ್ದರು. ಗಂಡುಮಗ, ಮೈಗಳ್ಳ, ಸುಳ್ಳಂತೂ ಹೇಳಿಯೇ ಹೇಳುತ್ತಾನೆ. ಅಕ್ಕನಿಗೆ ಏನು ಬರೆಸಿದರು ಎಂಬುದು ಅವನಿಗೆ ಗೊತ್ತಿರಲಿಲ್ಲ. ಈಗ ಅವನು ಮೊದಲು ಬಿಚ್ಚಿದ್ದು ಅವಳ ಚೀಟಿಯನ್ನೇ. ಗುಮಾಸ್ತನಿಗೆ ಬಿಚ್ಚುವ ಹಕ್ಕಿದೆ. ‘ಹೆತ್ತ ತಾಯಿಯನ್ನು ಕೊನೆಗಾಲದಲ್ಲಿ ಕೈಬಿಡುತ್ತಾಳೆ. ಕ್ಷಮಿಸಲಾಗಿದೆ.’ ಹೆಣ್ಣುಮಕ್ಕಳು ಮದುವೆಯಾಗಿ ಹೋಗುವವರು ತಾನೆ, ಹೇಗಿದ್ದರೂ ಬಿಟ್ಟೇ ಬಿಡುತ್ತಾರೆ ಎಂಬುದು ಅಪ್ಪನ ಲೆಕ್ಕಾಚಾರ ಇದ್ದಿರಬೇಕು. ಅಕ್ಕ ಮದುವೆಯಾಗಲಿಲ್ಲ. ಬುದ್ಧಿ ಮಸುಕಾಗಿ ಹಾಸಿಗೆ ಹಿಡಿದ ಅಮ್ಮನನ್ನು ಒಂಬತ್ತು ವರ್ಷ ಒಬ್ಬಳೇ ನೋಡಿಕೊಂಡಳು. ಕೈಬಿಟ್ಟವನು ಇವನು.

ಕೈಬಿಡುವುದು ಎಂದರೆ ಒಂದು ದಿನ ಎದ್ದು ಕೈ ಬಿಡುವುದಲ್ಲ ಎಂದು ಅವನಿಗೆ ಅನುಭವದಿಂದ ತಿಳಿದಿತ್ತು. ಮೊದಲು ವಾರಕ್ಕೊಮ್ಮೆ ಹೋಗುತ್ತಿದ್ದ. ಅಮ್ಮ ಅವನನ್ನು ನೋಡಿ ನಗುತ್ತಿದ್ದಳು, ತಿಂದೆಯಾ ಎಂದು ಕೇಳುತ್ತಿದ್ದಳು, ಉತ್ತರ ಕೇಳಿ ಮುಗಿಸಿ ಮತ್ತೆ ತಿಂದೆಯಾ ಎನ್ನುತ್ತಿದ್ದಳು. ಆ ಕೋಣೆಯ ವಾಸನೆ ಅವನ ಕೋಟಿಗೆ ಅಂಟಿಕೊಂಡು ಟ್ರಾಮಿನಲ್ಲಿ ಪಕ್ಕದವರು ದೂರ ಸರಿದು ಕೂರುವಂತೆ ಅನ್ನಿಸುತ್ತಿತ್ತು. ಆಮೇಲೆ ತಿಂಗಳಿಗೊಮ್ಮೆ, ರಜೆಗೊಮ್ಮೆ. ಕಚೇರಿಯಲ್ಲಿ ಕ್ಷಮೆ ರಾಶಿ ಬಿದ್ದಿದೆ ಅಕ್ಕ, ಉಸಿರಾಡೋಕೂ ಪುರಸೊತ್ತಿಲ್ಲ ಎನ್ನುತ್ತಿದ್ದ. ದೇವರ ಕೆಲಸ, ಅದಕ್ಕೆ ಎದುರು ಮಾತಾಡುವವರಾರು? ಕೊನೆಕೊನೆಗೆ ಬೀದಿಯ ತುದಿಯವರೆಗೆ ಹೋಗಿ, ಮೂರನೆಯ ಅಂತಸ್ತಿನ ಕಿಟಕಿಯಲ್ಲಿ ಒಣಗಲು ಹಾಕಿದ ಹಾಸುಬಟ್ಟೆಗಳನ್ನು ನೋಡಿ, ಎಲ್ಲ ಸರಿಯಿದೆ ಎಂದು ತನಗೆ ತಾನೇ ವರದಿ ಒಪ್ಪಿಸಿಕೊಂಡು ಹಿಂದಿರುಗುತ್ತಿದ್ದ. ಅಮ್ಮ ಸತ್ತು ಐದು ವರ್ಷವಾಯಿತು. ಅಂತ್ಯಕ್ರಿಯೆಯ ದಿನ ಅವನು ಎಲ್ಲರಿಗಿಂತ ಜೋರಾಗಿ ಅತ್ತ. ಅಕ್ಕ ಅಳದೆ ಬಂದವರಿಗೆ ಕುರ್ಚಿ ಹಾಕುತ್ತಿದ್ದಳು. ಆಮೇಲಿಂದ ಅವನಿಗೆ ಊಟ ಸೇರದೆ ಇಲ್ಲ, ನಿದ್ದೆ ಬಾರದೆ ಇಲ್ಲ. ಆದರೆ ಕೌಂಟರಿನಲ್ಲಿ ಯಾರಾದರೂ ಕ್ಷಮೆ ತೆಗೆದುಕೊಂಡು ಮುಖ ಅರಳಿಸಿದಾಗ, ಊಟಕ್ಕೆ ಕೂತವರ ಸಾಲಿನಲ್ಲಿ ತನ್ನ ಎಲೆ ಮಾತ್ರ ದಾಟಿ ಬಡಿಸಿಕೊಂಡು ಹೋದಂತೆ ಆಗುತ್ತಿತ್ತು. ತನ್ನ ನಿಜವಾದ ಪಾಪವನ್ನು ಇವತ್ತು ಬರೆದು ಕಳಿಸಿದರೆ ತೊಂಬತ್ತಕ್ಕೆ ಉತ್ತರ. ಅವನ ವಂಶದಲ್ಲಿ ಎಪ್ಪತ್ತು ದಾಟಿದ ಗಂಡಸರಿಲ್ಲ.

ಈಗ ಆ ಪಾಪದ ಕ್ಷಮೆ ಅವನ ಎರಡು ಬೆರಳುಗಳ ನಡುವೆ ಇತ್ತು. ಸಿದ್ಧವಾಗಿ, ಮಡಚಿ, ಬೇರೆಯವರ ಹೆಸರಿನಲ್ಲಿ.

ನಿಯಮಗಳನ್ನು ಅವನಷ್ಟು ಬಲ್ಲವರು ಆ ಕಟ್ಟಡದಲ್ಲಿ ಇರಲಿಲ್ಲ. ನೂರಾ ಹನ್ನೊಂದನೆಯ ನಿಯಮ: ಹೆತ್ತವರು ಒಂದು ಮಗುವಿನ ಹೆಸರಿನಲ್ಲಿ ಬರೆಸಿದ ಪಾಪವನ್ನು ಅದೇ ತಾಯಿಯ ಮತ್ತೊಂದು ಮಗು ಮಾಡಿದ್ದರೆ, ಚೀಟಿ ಪಡೆದವರು ‘ನಾನು ಮಾಡಿಲ್ಲ, ಮಾಡಿದ್ದು ಇಂಥವರು’ ಎಂದು ಸ್ವಂತ ಅಕ್ಷರದಲ್ಲಿ ಬರೆದುಕೊಟ್ಟಲ್ಲಿ ಕ್ಷಮೆಯನ್ನು ವರ್ಗಾಯಿಸತಕ್ಕದ್ದು. ಹಾಗೆ ಮಾಡಿದರೆ ಅಕ್ಕನೂ ಸುಳ್ಳು ಪಾಪಿಯಾಗುವುದಿಲ್ಲ. ತಾನು ಹೋಗುತ್ತಿರುವುದು ಅವಳನ್ನು ಉಳಿಸಲಿಕ್ಕೇ ಎಂದು ಮೇಲಧಿಕಾರಿಯ ಕೋಣೆಯ ಬಾಗಿಲು ತಟ್ಟುವಷ್ಟರಲ್ಲಿ ಅವನಿಗೆ ಅರ್ಧ ನಂಬಿಕೆ ಬಂದಿತ್ತು. ಮೇಲಧಿಕಾರಿ ಅರ್ಜಿಯನ್ನು ಓದಿ, ಅವನ ಮುಖ ನೋಡಿ, ಮತ್ತೆ ಅರ್ಜಿ ಓದಿದರು. “ಅಲ್ಲಾರೀ, ತಾಯೀನ ಕೈಬಿಟ್ಟವರು ನೀವಾ? ಹೋದ ವರ್ಷ ತಾನೆ ನಿಮಗೆ ಕರ್ತವ್ಯನಿಷ್ಠೆ ಪದಕ ಕೊಟ್ಟಿದ್ದು,” ಎಂದರು. “ಅದಕ್ಕೇ ಸರ್ ಬಿಟ್ಟಿದ್ದು,” ಎಂದು ಅವನ ಬಾಯಿಗೆ ಬಂತು. ಹೇಳಲಿಲ್ಲ. “ಹೌದು ಸರ್,” ಎಂದ. ಅವರು ಸಹಿ ಮಾಡಿ, ಕಾಗದವನ್ನು ಅವನ ಬೆರಳಿಗೆ ತಾಗದಂತೆ ತುದಿ ಹಿಡಿದು ಕೊಟ್ಟು, “ಐದಕ್ಕೆ ಬಾಗಿಲು ಹಾಕ್ತೀವಿ. ಅಷ್ಟರೊಳಗೆ ಬರ್ಕೊಂಡು ಬನ್ನಿ. ಇಲ್ಲದಿದ್ರೆ ನಿಮ್ಮಕ್ಕನ ಹೆಸರನ್ನ ನೀವೇ ಫಲಕದ ಮೇಲೆ ಬರೀಬೇಕಾಗತ್ತೆ,” ಎಂದರು. ಫಲಕ ಬರೆಯುವ ಕೆಲಸವೂ ಅವನದೇ. ಅಕ್ಷರ ದುಂಡಗಿದೆ ಎಂದು ಅವನಿಗೆ ವಹಿಸಿದ್ದರು.

ಅವನು ಹೊರಬೀಳುವಷ್ಟರಲ್ಲಿ ಮೂರು ಹೊಡೆದಿತ್ತು, ಚಿಕ್ಕ ಸೂರ್ಯ ದೊಡ್ಡದರ ಹಿಂದೆಯೇ ಇಳಿಯುತ್ತಿತ್ತು. ಬೀದಿಯಲ್ಲಿ ಎಲ್ಲರಿಗೂ ಎರಡೆರಡು ನೆರಳು. ಟ್ರಾಮಿನಲ್ಲಿ ಅವನು ಮಾತುಗಳನ್ನು ಜೋಡಿಸಿಕೊಂಡ. ಅಕ್ಕ, ನನ್ನಿಂದ ತಪ್ಪಾಗಿದೆ. ಇದು ಬಹಳ ನೇರವಾಯಿತು. ಅಕ್ಕ, ಆಫೀಸಿನಲ್ಲಿ ಒಂದು ಸಣ್ಣ ಗೊಂದಲ. ಇದು ಸರಿ. ಅವಳ ಮುಂದೆ ತಲೆ ತಗ್ಗಿಸಿ ನಿಂತಿರುವ ತನ್ನನ್ನು ಕಲ್ಪಿಸಿಕೊಂಡಾಗ ಅವನಿಗೆ ತನ್ನ ಮೇಲೆ ಗೌರವವೇ ಮೂಡಿತು. ಎಷ್ಟು ಜನ ಗಂಡಸರು ಹೀಗೆ ಸ್ವತಃ ಹೋಗಿ, ನಾನೇ ಮಾಡಿದ್ದು ಎಂದು ಬರೆಸಿಕೊಂಡು ಬರುತ್ತಾರೆ? ಅವಳು ಬೈಯಲಿ, ಒಂದೆರಡು ಏಟು ಹಾಕಿದರೂ ಹಾಕಲಿ. ಬೈಸಿಕೊಂಡಷ್ಟೂ ಒಳ್ಳೆಯದು, ಬರೆದುಕೊಡುವುದು ಅವಳಿಗೆ ಸುಲಭವಾಗುತ್ತದೆ. ಮೂರನೆಯ ನಿಲ್ದಾಣದಲ್ಲಿ ಒಬ್ಬ ಮುದುಕಿ ಹತ್ತಿದಳು. ಅವನು ಎದ್ದು ಜಾಗ ಬಿಟ್ಟುಕೊಟ್ಟ. ಅಪರಿಚಿತ ಮುದುಕಿಯರ ವಿಷಯದಲ್ಲಿ ಅವನು ಯಾವತ್ತೂ ಧಾರಾಳಿ.

ಅಕ್ಕ ಹಡಗಿನ ಸಿಬ್ಬಂದಿಗೆ ಸಮವಸ್ತ್ರ ಹೊಲಿಯುತ್ತಾಳೆ. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವವರ ಅಳತೆಗಳೆಲ್ಲ ಅವಳ ಗೋಡೆಯ ಮೇಲೆ ಚೀಟಿಗಳಾಗಿ ನೇತಾಡುತ್ತವೆ. ಅವಳು ಈ ಊರು ದಾಟಿ ಹೋದವಳಲ್ಲ. ಬಾಗಿಲು ತೆರೆದೇ ಇತ್ತು. ಹೊಲಿಗೆ ಯಂತ್ರ ಅಮ್ಮನ ಮಂಚವಿದ್ದ ಜಾಗಕ್ಕೆ ಬಂದಿತ್ತು. ತುಟಿಗಳ ನಡುವೆ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡು ಅವಳು ಒಂದು ನೀಲಿ ತೋಳನ್ನು ಕೋಟಿಗೆ ಕೂಡಿಸುತ್ತಿದ್ದಳು. ತಲೆ ಎತ್ತದೆ, “ಯಾರು?” ಎಂದಳು.

“ನಾನಕ್ಕ.”

“ಕೂತ್ಕೋ. ಆ ಕುರ್ಚಿ ಬೇಡ, ಸೂಜಿ ಇದೆ. ಹೆಂಡ್ತಿ ಚೆನ್ನಾಗಿದ್ದಾಳಾ?”

ಅವನು ನಿಂತೇ ಹೇಳಿದ. ಸಣ್ಣ ಗೊಂದಲ ಎಂದು ಶುರುಮಾಡಿದ್ದು ಸುತ್ತಿ ಬಳಸಿ ಅಪ್ಪನ ಎಡವಟ್ಟಿಗೆ ಬಂತು, ಅಲ್ಲಿಂದ ನಿಯಮಕ್ಕೆ ಹೋಯಿತು, ನಿಯಮದ ಉಪನಿಯಮಕ್ಕೆ ಇಳಿಯಿತು. ಕೌಂಟರಿನಲ್ಲಿ ಆಡುವ ದನಿ ತನಗೆ ತಾನೇ ಬಂದುಬಿಟ್ಟಿತ್ತು. ಅದನ್ನು ನಿಲ್ಲಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಅಕ್ಕ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೆತ್ತೆಗೆ ಚುಚ್ಚಿ, ಕೈ ಒರೆಸಿಕೊಂಡು ಚೀಟಿ ಓದಿದಳು. ಆಮೇಲೆ ನಕ್ಕಳು. ಅವಳು ಹಾಗೆ ಬಾಯಿ ತುಂಬ ನಕ್ಕದ್ದನ್ನು ಅವನು ಚಿಕ್ಕಂದಿನಲ್ಲಿ ನೋಡಿದ್ದ.

“ಅಪ್ಪ ಇದನ್ನ ಬರೆಸಿದ್ರಾ ನಂಗೆ? ನನ್ನ ಹತ್ರ ಹೇಳಿದ್ದು ‘ಎದುರು ಮಾತು’ ಅಂತ. ಎಲ್ಲಿ ಸುಳ್ಳು ಪಾಪಿ ಆಗ್ಬಿಡ್ತೀನೋ ಅಂತ ಇಷ್ಟು ವರ್ಷ ಸಿಕ್ಕಸಿಕ್ಕವರಿಗೆಲ್ಲ ಎದುರು ಮಾತಾಡಿದ್ದೇ ಬಂತು. ಎಲ್ಲ ದಂಡ.”

“ಅದಕ್ಕೇ ಅಕ್ಕ, ಇದನ್ನ ಸರಿಮಾಡೋಕೆ ದಾರಿ ಇದೆ. ಎರಡೇ ಸಾಲು. ನೀನು ಮಾಡಿಲ್ಲ ಅಂತ ಒಂದು. ಇನ್ನೊಂದು...”

“ನೀನು ಮಾಡಿದ್ದೀಯ ಅಂತ.”

“ಹೂಂ.”

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು, ಅಳತೆ ತೆಗೆಯುವವಳ ಹಾಗೆ. “ಇದನ್ನ ಕೇಳೋಕೆ ಬಂದ್ಯಾ? ನಾನು ಅಂದ್ಕೊಂಡೆ ಸುಮ್ನೆ ಬಂದೆ ಅಂತ.” ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗಾದರೆ ಅವನು ತಯಾರಾಗಿ ಬಂದಿದ್ದ. ಮಂಡಿಯೂರುವುದಕ್ಕೂ ಒಂದು ಜಾಗ ನೋಡಿಟ್ಟಿದ್ದ. ಈಗ ಏನು ಮಾಡಬೇಕೆಂದು ತೋಚದೆ ಕೋಟಿನ ಜೇಬಿನಿಂದ ಪೆನ್ನು ತೆಗೆದು ಕೊಟ್ಟ. ಅವಳು ಚೀಟಿಯನ್ನು ಯಂತ್ರದ ಹಲಗೆಯ ಮೇಲಿಟ್ಟು, ದಾರದ ಚೂರುಗಳನ್ನು ಊದಿ, ಬಗ್ಗಿ ಸಹಿ ಮಾಡಿದಳು. ‘ಮಾಡಿದ್ದೇನೆ’ ಎಂಬ ಕಾಲಮ್ಮಿನಲ್ಲಿ.

“ಅಯ್ಯೋ ಅಕ್ಕ, ಅಲ್ಲಲ್ಲ! ಅದು ಬೇರೆ ಕಾಲಮ್ಮು!”

“ಸರಿಯಾಗೇ ಹಾಕಿದ್ದೀನಿ.”

“ಒಂಬತ್ತು ವರ್ಷ ನೋಡ್ಕೊಂಡವಳು ನೀನು. ಊರಿಗೆಲ್ಲ ಗೊತ್ತು.”

“ಊರು ಮೆಟ್ಟಿಲು ಹತ್ತಿ ಬಂದಿತ್ತಾ?” ಎಂದಳು. ನೀಲಿ ತೋಳನ್ನು ಮಡಿಲಿಗೆ ಎಳೆದುಕೊಂಡು, ಹೊಲಿಗೆ ಬಿಚ್ಚುತ್ತ ಹೇಳತೊಡಗಿದಳು. ಕೈಗೆ ಕೆಲಸವಿಲ್ಲದೆ ಅವಳಿಗೆ ಮಾತಾಡಲು ಬರುವುದಿಲ್ಲ. “ಏಳನೇ ವರ್ಷ ಅದು. ಬೆಳಿಗ್ಗೆ ಅವಳನ್ನ ತೊಳೆದು, ಬಟ್ಟೆ ಹಾಕಿ, ತಿನ್ನಿಸ್ತಾ ಇದ್ದೆ. ಬಟ್ಟಲು ಕಿತ್ಕೊಂಡು ನನ್ನ ಮುಖಕ್ಕೆ ಹೊಡೆದ್ಲು. ಅದೇನು ಹೊಸದಲ್ಲ, ದಿನಾ ಇದ್ದಿದ್ದೇ. ಅವತ್ತು ಏನಾಯ್ತೋ. ಮುಖ ತೊಳ್ಕೊಂಡೆ, ಚಪ್ಪಲಿ ಹಾಕ್ಕೊಂಡೆ, ಹೊರಗಿಂದ ಬೀಗ ಹಾಕಿದೆ. ಟ್ರಾಮು ಹತ್ತಿ ಹಡಗುಕಟ್ಟೆಗೆ ಹೋದೆ. ಅಲ್ಲಿ ಕಾಯೋ ಜಾಗ ಇದೆಯಲ್ಲ, ಉದ್ದದ ಬೆಂಚುಗಳು, ಅಲ್ಲಿ ಕೂತೆ. ನಾನು ಹೊಲಿದ ಕೋಟು ಹಾಕ್ಕೊಂಡವರು ಓಡಾಡ್ತಿದ್ರು. ಒಬ್ಬನ ಕಾಲರು ಸರಿಯಾಗಿ ಕೂತಿರಲಿಲ್ಲ. ಅದನ್ನೇ ನೋಡ್ತಾ ಕೂತೆ. ಅವತ್ತು ಪೂರ್ತಿ, ಮಾರನೇ ದಿನ ಪೂರ್ತಿ. ಅಮ್ಮನ ನೆನಪು ಬರಲಿಲ್ಲ ಅಂತ ಅಂದ್ಕೋಬೇಡ. ಬಂತು. ಈಗ ಹಸಿವಾಗಿರತ್ತೆ ಅಂದ್ಕೊಂಡೆ, ಈಗ ಬಿದ್ದಿರ್ತಾಳೆ ಅಂದ್ಕೊಂಡೆ. ಈಗ ಮುಗಿದಿರತ್ತೆ ಅಂತಾನೂ ಅಂದ್ಕೊಂಡೆ. ಆಮೇಲೆ ವಾಪಸ್ ಬಂದೆ. ಮೂರನೇ ದಿನ.”

ಅವನಿಗೆ ಆದದ್ದು ಸಂತೋಷ. ಅದನ್ನು ಬೇರೆ ಯಾವ ಹೆಸರಿನಿಂದ ಕರೆದರೂ ತಿಪ್ಪೆ ಸಾರಿಸಿದಂತಾಗುತ್ತದೆ. ಎದೆಯೊಳಗೆ ಹದಿನಾಲ್ಕು ವರ್ಷದಿಂದ ಬಿಗಿದುಕೊಂಡಿದ್ದ ಏನೋ ಒಂದು ಸಡಿಲವಾಗಿ, ಮೈ ಹಗುರಾಗಿ, ಅವಳೂ ಅಷ್ಟೇ, ಅವಳೂ ನನ್ನ ಹಾಗೆಯೇ ಎಂದು ಒಳಗೆ ಯಾರೋ ಕುಣಿದರು. ಅವಳ ಮುಂದೆ ಅವನು ಪ್ರತಿ ಸಲ ಚಿಕ್ಕವನಾಗುತ್ತ ಬಂದಿದ್ದ. ಈಗ ಇಬ್ಬರೂ ಒಂದೇ ಎತ್ತರ. ಅವನ ತುಟಿ ಕೂಡ ಸ್ವಲ್ಪ ಬಿರಿದಿರಬೇಕು, ಕೈ ಅಡ್ಡ ಹಿಡಿದು ಕೆಮ್ಮಿದ. ಅವಳಿಗೆ ಸಮಾಧಾನ ಹೇಳಬೇಕೆಂದುಕೊಂಡ. ಮನುಷ್ಯರಿಗೆ ಸಹಜ ಅಕ್ಕ, ಎರಡು ದಿನ ತಾನೆ ಎನ್ನಬೇಕೆಂದುಕೊಂಡ. ಕ್ಷಮಿಸುವ ಸ್ಥಾನದಲ್ಲಿ ಕೂರುವುದು ಎಷ್ಟು ಹಿತ ಎಂದು ಅವನಿಗೆ ಆ ಕ್ಷಣ ತಿಳಿಯಿತು. ದೇವರು ಅದನ್ನು ಯಾರಿಗೂ ಹಂಚದೆ ಇಟ್ಟುಕೊಂಡಿದ್ದರಲ್ಲಿ ಆಶ್ಚರ್ಯವೇ ಇಲ್ಲ. ಹಾಗೆಂದುಕೊಂಡ ಮರುಗಳಿಗೆಯೇ ತನ್ನ ಬಗ್ಗೆ ಅವನಿಗೆ ಅಸಹ್ಯವಾಯಿತು.

ಅಕ್ಕ ಹೇಳುತ್ತಲೇ ಇದ್ದಳು. “ಬಾಗಿಲು ತಳ್ಳಿದರೆ ಪೂರ್ತಿ ತೆಗೀಲಿಲ್ಲ. ಅಡ್ಡ ಬಿದ್ದಿದ್ಲು. ಮಂಚದಿಂದ ಇಲ್ಲಿವರೆಗೂ ತೆವಳಿಕೊಂಡು ಬಂದಿದ್ಲು. ಮಂಡಿ ಎರಡೂ ಕಿತ್ತುಹೋಗಿತ್ತು. ಅವತ್ತಿಂದ ಎದ್ದು ಕೂರಲಿಲ್ಲ ಅವಳು. ನನ್ನ ನೋಡಿ ನೀನು ಅಂದ್ಕೊಂಡ್ಲು. ‘ಮತ್ತೆ ಬಂದ್ಯಾ ಮಗನೇ? ಆಗ್ಲೇ ಬಾಗಿಲ ಹತ್ರ ಬಂದಿದ್ದೆ, ಕರೆದ್ರೂ ಯಾಕೆ ಹೊರಟುಹೋದೆ?’ ಅಂದ್ಲು. ಬುದ್ಧಿ ಎಲ್ಲಿತ್ತು ಅವಳಿಗೆ, ಏನೋ ಬಡಬಡಿಸ್ತಾಳೆ ಅಂದ್ಕೊಂಡೆ. ‘ಹೌದಮ್ಮ, ಬಂದೆ’ ಅಂದೆ. ಎರಡು ವರ್ಷ ಅದನ್ನೇ ಕೇಳ್ತಿದ್ಲು. ಹೌದಮ್ಮ, ಬಂದೆ. ಹೌದಮ್ಮ, ಬಂದೆ.” ತೋಳು ಕೋಟಿನಿಂದ ಪೂರ್ತಿ ಬೇರ್ಪಟ್ಟಿತು. ಅವಳು ಅದನ್ನು ಪಕ್ಕಕ್ಕಿಟ್ಟು ಚೀಟಿಯನ್ನು ಅವನತ್ತ ಸರಿಸಿದಳು. “ನನ್ನದು ನನಗೇ ಬೇಕು. ನಿಂಗೆ ಕೊಡೋಕೆ ಆಗಲ್ಲ. ನಿನ್ನದನ್ನ ನೀನು ಬರ್ಕೋ. ನನ್ನದಕ್ಕೆ ಸಾಕ್ಷಿ ಬೇಕಂತಲ್ಲ, ಇಲ್ಲಿ ಬರೆದಿದೆ. ಹಾಕು.”

ಹೆತ್ತವರ ವಿಷಯದ ಪಾಪಗಳಿಗೆ ರಕ್ತಸಂಬಂಧಿಯ ಸಾಕ್ಷಿ ಬೇಕು. ‘ಪಾಪ ನಡೆದಾಗ ಸಾಕ್ಷಿಯು ಎಲ್ಲಿದ್ದರು?’ ಎಂದು ಕೆಳಗೆ ಒಂದು ಗೆರೆ ಇರುತ್ತದೆ. ಕೌಂಟರಿನಲ್ಲಿ ಜನ ಪೆನ್ನು ಕಚ್ಚುತ್ತ ನಿಂತಾಗ ‘ಊರಿನಲ್ಲಿದ್ದೆ ಅಂತ ಹಾಕಿ ಸ್ವಾಮಿ, ಸಾಕು’ ಎಂದು ಅವನೇ ಸಾವಿರ ಸಲ ಹೇಳಿಕೊಟ್ಟಿದ್ದಾನೆ. ಈಗಲೂ ಅಷ್ಟು ಹಾಕಿದರೆ ಸಾಕಿತ್ತು. ಗಂಟೆ ನಾಲ್ಕಾಗುತ್ತಿತ್ತು, ಕೆಳಗೆ ಟ್ರಾಮು ಹೋದ ಸದ್ದಾಯಿತು. ಅವನು ಪೆನ್ನು ಹಿಡಿದು ಬಗ್ಗಿದ. ಬೀಗ ಹಿತ್ತಾಳೆಯದು. ಅವಳು ಬೀಗದ ಬಣ್ಣ ಹೇಳಿರಲಿಲ್ಲ. ಅವನಿಗೆ ಗೊತ್ತಿತ್ತು. ಅವತ್ತು ಮೇಲಧಿಕಾರಿಗೆ ಹಲ್ಲುನೋವೆಂದು ಕಚೇರಿಗೆ ಅರ್ಧ ದಿನ ರಜೆ ಸಿಕ್ಕಿ, ಮನೆಗೆ ಹೋಗಲು ಬೇಜಾರಾಗಿ, ಅವನು ಬೀದಿಯ ತುದಿ ದಾಟಿ, ಎಷ್ಟೋ ತಿಂಗಳ ಮೇಲೆ ಮೊದಲ ಸಲ ಮೂರು ಅಂತಸ್ತು ಹತ್ತಿದ್ದ. ಬಾಗಿಲಲ್ಲಿ ಬೀಗ ಕಂಡು ಎಷ್ಟು ಖುಷಿಯಾಗಿತ್ತು! ಬಂದದ್ದೂ ಆಯಿತು, ಒಳಗೆ ಹೋಗುವುದೂ ತಪ್ಪಿತು. ಲೋಕದ ಮಾತಿಗೆಂದು ಬೀಗವನ್ನು ಒಮ್ಮೆ ಎಳೆದು ನೋಡಿ, ‘ಅಕ್ಕಾ’ ಎಂದು ಒಂದೇ ಒಂದು ಸಲ, ಮೆಲ್ಲಗೆ ಕೂಗಿದ್ದ. ಆಮೇಲೆ ಒಳಗೆ ನೆಲದ ಮೇಲೆ ಏನೋ ಎಳೆದಂತೆ ಸದ್ದು. ನೀರಿನ ಕೊಳವೆ ಎಂದುಕೊಂಡ. ಆಮೇಲೆ ಬಂದ ಸದ್ದಿಗೆ ಏನೂ ಎಂದುಕೊಳ್ಳಲು ಆಗದೆ ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದಿದ್ದ. ಮನೆಗೆ ಹೋಗಿ ಹೆಂಡತಿಗೆ, ಅಮ್ಮನ ಮನೆಗೆ ಹೋಗಿದ್ದೆ, ಯಾರೂ ಇರಲಿಲ್ಲ ಎಂದಿದ್ದ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂದಿತ್ತು.

ಗೆರೆಯ ಮೇಲೆ ಅವನು ಬರೆದ. ದುಂಡಗಿನ ಅಕ್ಷರ, ಎರಡೇ ಪದ: ಬಾಗಿಲ ಹೊರಗೆ. ಕೆಳಗೆ ಸಹಿ ಹಾಕಿದ.

ಅಕ್ಕ ಚೀಟಿ ತಿರುಗಿಸಿಕೊಂಡು ಓದಿದಳು. ಮತ್ತೊಮ್ಮೆ ಓದಿದಳು. ಯಂತ್ರದ ಚಕ್ರದ ಮೇಲೆ ಅವಳ ಕೈ ಹಾಗೇ ನಿಂತಿತು.

“ಯಾವಾಗ ಬಂದಿದ್ದೆ?”

“ಆ ಎರಡು ದಿನದಲ್ಲೇ ಒಂದು ದಿನ. ಮಧ್ಯಾಹ್ನ.”

“ಅಮ್ಮ ಕರೆದ್ಲಾ?”

ಎರಡು ಮೊಳ ದೂರದಲ್ಲಿ ಕೂತು ಅವಳು ಉತ್ತರಕ್ಕೆ ಕಾಯುತ್ತಿದ್ದಳು. ಇಷ್ಟು ಹತ್ತಿರದಿಂದ ಅವನನ್ನು ಯಾರೂ ಏನೂ ಕೇಳಿರಲಿಲ್ಲ.

“ಕರೆದ್ಲು,” ಎಂದ. “ನನ್ನ ಹೆಸರು ಹಿಡಿದೇ ಕರೆದ್ಲು ಅಕ್ಕ. ನಾಲ್ಕು ಸಲ.”

ಅಕ್ಕ ಚೀಟಿಯನ್ನು ನೀಟಾಗಿ ಮಡಚಿ ಅವನ ಕೈಗೆ ಕೊಟ್ಟಳು. ಆಮೇಲೆ ಸೂಜಿಗಳನ್ನು ಮೆತ್ತೆಯಿಂದ ಒಂದೊಂದಾಗಿ ಕಿತ್ತು ಬಾಯಿಗಿಡುವ ಮೊದಲು, “ಹೋಗುವಾಗ ಬಾಗಿಲು ಎಳ್ಕೊಂಡು ಹೋಗು,” ಎಂದಳು.